‘ಮಸ್ಟ್’ ಹಾಕಿದೆ, ಅಪ್ಪಣೆ ಆಗಿಹೋಯಿತು

ಪ್ರಶ್ನೆ: ಮೇಡಂ ನಮಸ್ಕಾರ. ರಿಪೋರ್ಟ್ ನಾಲ್ಕು ಗಂಟೆಗೆ ಸಿಗುತ್ತಾ ಅಂತ ಬೇರೆ ತಂಡದವರು ಕೇಳಿದ್ದರು. ‘ಇಟ್ ಮಸ್ಟ್ ಬಿ ರೆಡಿ ಬೈ ಫೋರ್’ ಎಂದು ಬರೆದೆ. ಬಹುತೇಕ ಆಗಿರುತ್ತದೆ ಅನ್ನೋದು ನನ್ನ ಮನಸ್ಸಿನಲ್ಲಿತ್ತು. ಅವರು ‘ಈ ಗಡುವು ಕೊಟ್ಟಿದ್ದು ಯಾರು?’ ಎಂದು ಕೇಳಿದರು! ಎಲ್ಲಿ ಎಡವಿದೆ?

ಉತ್ತರ: ವ್ಯಾಕರಣ ಬಿಡಿ, ನಿಮ್ಮ ಕನ್ನಡವನ್ನೇ ಕೇಳಿ ನೋಡಿ. ‘ಇಷ್ಟೊತ್ತಿಗೆ ಮುಗಿದಿರಬೇಕು’ ಅಂದರೆ ಊಹೆ. ‘ನಾಳೆ ನಾಲ್ಕಕ್ಕೆ ಮುಗಿದಿರಬೇಕು’ ಅಂದರೆ ಕಟ್ಟಪ್ಪಣೆ. ಪದ ಅದೇ, ಕಾಲ ಬೇರೆ. ‘ಮಸ್ಟ್’ ಕೂಡ ಹಾಗೇ. ‘ಹಿ ಮಸ್ಟ್ ಬಿ ಟೈರ್ಡ್’ ಅನ್ನುವಾಗ ಈಗಿನ ಸಂಗತಿಯನ್ನು ಊಹಿಸುತ್ತೇವೆ. ಮುಂದೆ ಆಗುವ ಕೆಲಸಕ್ಕೆ ‘ಮಸ್ಟ್’ ಹಾಕಿದರೆ ಹೆಚ್ಚಾಗಿ ಕೇಳಿಸುವುದು ಅಪ್ಪಣೆಯೇ.

ನಿಮಗೆ ಬೇಕಿದ್ದದ್ದು ‘ಶುಡ್’. ‘ಇಟ್ ಶುಡ್ ಬಿ ರೆಡಿ ಬೈ ಫೋರ್’ ಅಂದರೆ, ಎಲ್ಲ ಅಂದುಕೊಂಡ ಹಾಗೆ ನಡೆದರೆ ಆಗಿರುತ್ತದೆ. ಆದರೆ ಇದೇ ವಾಕ್ಯವನ್ನು ನಿಮ್ಮ ಬಾಸ್ ಹೇಳಿದರೆ ಸುಮ್ನೆ ಅಂದಾಜು ಅಂದುಕೊಳ್ಳಬೇಡಿ! ಕೆಲಸ ಮಾಡುವವರ ಬಾಯಲ್ಲಿ ಅದು ನಿರೀಕ್ಷೆ, ಮಾಡಿಸುವವರ ಬಾಯಲ್ಲಿ ತಾಕೀತು.

ಇನ್ನೊಂದು ಮಾತು. ನಿರೀಕ್ಷೆಯ ‘ಶುಡ್’ ಬೇಡವಾದ ಸಂಗತಿಗೆ ಅಷ್ಟಾಗಿ ಒಗ್ಗುವುದಿಲ್ಲ. ‘ದಿ ಟ್ರೈನ್ ಶುಡ್ ಬಿ ಲೇಟ್’ ಅಂದರೆ ರೈಲು ತಡವಾಗಲಿ ಅಂತ ಕಾಯುತ್ತಿದ್ದೀರಿ ಅನ್ನಿಸುತ್ತದೆ. ಅಲ್ಲಿ ‘ವಿಲ್ ಪ್ರಾಬಬ್ಲಿ ಬಿ ಲೇಟ್’ ಅನ್ನಿ.

ಇನ್ನೊಬ್ಬರ ಪ್ರಶ್ನೆ: ನನ್ನ ಗೋಳು ‘ಬಹುದು’. ಕ್ಯಾನ್, ಕುಡ್, ಮೇ, ಮೈಟ್, ಎಲ್ಲಕ್ಕೂ ಅದೊಂದೇ ಅಲ್ವಾ? ‘ಇಟ್ ಕ್ಯಾನ್ ರೇನ್ ಟುಡೇ’ ಅಂದಿದ್ದಕ್ಕೆ ಗೆಳತಿ ನಕ್ಕಳು.

ಉತ್ತರ: ‘ಕ್ಯಾನ್’ ಹೇಳುವುದು ಒಂದರ ಸ್ವಭಾವವನ್ನು. ‘ಇಟ್ ಕ್ಯಾನ್ ರೇನ್ ಇನ್ ಜನವರಿ’ ಸರಿ, ಜನವರಿಯಲ್ಲೂ ಒಮ್ಮೊಮ್ಮೆ ಮಳೆ ಬರುವುದುಂಟು. ಇವತ್ತಿನ ಮಳೆಗೆ ಮೇ, ಮೈಟ್, ಕುಡ್ ಯಾವುದಾದರೂ ಆದೀತು. ‘ಮೇ’ಗಿಂತ ‘ಮೈಟ್’ ಕಡಿಮೆ ಸಾಧ್ಯತೆ ಅಂತ ಶಾಲೆಯಲ್ಲಿ ಕಲಿಸುತ್ತಾರೆ. ದಿನದ ಮಾತಿನಲ್ಲಿ ಆ ಅಂತರ ಅಷ್ಟಿಲ್ಲ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ನಿಜವಾದ ಗುಂಡಿ ಇರುವುದು ‘ನಾಟ್’ ಸೇರಿದಾಗ. ‘ಹಿ ಮೈಟ್ ನಾಟ್ ಬಿ ಅಟ್ ಹೋಮ್’ ಅಂದರೆ ಮನೆಯಲ್ಲಿ ಇಲ್ಲದಿರಬಹುದು. ‘ಹಿ ಕಾಂಟ್ ಬಿ ಅಟ್ ಹೋಮ್’ ಅಂದರೆ ಇರಲಾರ, ಸಾಧ್ಯವೇ ಇಲ್ಲ. ‘ಕುಡಂಟ್’ ಕೂಡ ಈ ಕಡೆಯೇ. ನೋಡಿ, ‘ಇಲ್ಲದಿರಬಹುದು’, ‘ಇರಲಾರ’ ಎರಡೂ ಕನ್ನಡದಲ್ಲಿ ಬೇರೆ ಬೇರೆಯಾಗೇ ಇವೆ. ಹಾಗೆಯೇ ಊಹೆಯ ‘ಮಸ್ಟ್’ಗೆ ವಿರುದ್ಧ ಸಾಮಾನ್ಯವಾಗಿ ‘ಕಾಂಟ್’. ‘ಮಸ್ಟಂಟ್’ ಅಂದರೆ ಕೂಡದು ಅಂತ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ‘ಶುಡ್’ ಹಾಕಿಯೇ ಮತ್ತೆ ಬರೆದೆ. ಈಗ ಐದು ಗಂಟೆ. ‘ಇಟ್ ಶುಡ್ ಹ್ಯಾವ್ ಬೀನ್ ರೆಡಿ ಬೈ ಫೋರ್’ ಅಂತ ಅವರ ಉತ್ತರ ಬಂದಿದೆ. ಇದು ‘ಆಗಿರಬೇಕು’ ಅಂತಲೋ, ‘ಆಗಬೇಕಿತ್ತು’ ಅಂತಲೋ?

ಉತ್ತರ: ವಾಕ್ಯ ಎರಡಕ್ಕೂ ಹೊಂದುತ್ತದೆ. ರಿಪೋರ್ಟ್ ಕಳಿಸಿದಿರಾ?

ಮೊದಲು ಕೇಳಿದವರು: ಇಲ್ಲ.

ಉತ್ತರ: ಹಾಗಾದರೆ ‘ಆಗಬೇಕಿತ್ತು’.