ಕಮ್ಯುನಿಟಿ ಕಾಲೇಜಿನ ಗಣಿತ, ವಿಜ್ಞಾನ ವಿದ್ಯಾರ್ಥಿಗಳಿಗೆ ನೆರವು: ಅನುಭವ ಹಂಚಿಕೆ

ಪ್ರಶ್ನೆ

ಕರ್ನಾಟಕದ ಪದವಿ ಕಾಲೇಜೊಂದರಲ್ಲಿ ಕೆಲವು ವರ್ಷ ಗಣಿತ ಕಲಿಸಿ, ಈಗ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ (ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗಬಹುದಾದ ಕಾಲೇಜು) ಗಣಿತ ಮತ್ತು ವಿಜ್ಞಾನ ವಿದ್ಯಾರ್ಥಿಗಳ ನೆರವು ಕೇಂದ್ರದ ಹೊಣೆ ವಹಿಸಿಕೊಂಡಿದ್ದೇನೆ. ಕೇಂದ್ರದಲ್ಲಿ ಟ್ಯೂಟರ್‌ಗಳಿದ್ದಾರೆ, ಬೋರ್ಡುಗಳಿವೆ, ಕೂರಲು ಜಾಗವಿದೆ. ಆದರೆ ಬರುವವರಲ್ಲಿ ಬಹುಪಾಲು ಜನ ಮೊದಲೇ ಚೆನ್ನಾಗಿ ಓದುವವರು. ಕ್ಯಾಲ್ಕುಲಸ್ ಮತ್ತು ರಸಾಯನಶಾಸ್ತ್ರದ ಮೊದಲ ಕೋರ್ಸಿನಲ್ಲಿ ಹಿಂದೆ ಬಿದ್ದವರು ನಮ್ಮ ಕಡೆ ಸುಳಿಯದೆಯೇ ಸೆಮಿಸ್ಟರಿನ ನಡುವೆ ಕೋರ್ಸು ಬಿಟ್ಟುಬಿಡುತ್ತಾರೆ. ಇಂಥ ಕಾಲೇಜುಗಳಲ್ಲಿ ಕಲಿಸಿದವರು, ಓದಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಗಣಿತ ಬೋಧಕಿಯೊಬ್ಬರ ಉತ್ತರ

ಹಿಂದೆ ಬಿದ್ದ ವಿದ್ಯಾರ್ಥಿ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ ಎಂದು ತಿಳಿದೇ ಕೇಂದ್ರದ ಕೆಲಸವನ್ನು ರೂಪಿಸಬೇಕು. ಅವರಲ್ಲಿ ಹಲವರು ತರಗತಿ ಮುಗಿದ ಕೂಡಲೇ ಅಂಗಡಿಗೋ ಗೋದಾಮಿಗೋ ಕೆಲಸಕ್ಕೆ ಓಡಬೇಕಾಗಿರುತ್ತದೆ, ಕೆಲವರು ಮಕ್ಕಳನ್ನು ಶಾಲೆಯಿಂದ ಕರೆತರಬೇಕಾಗಿರುತ್ತದೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರಾದವರಿಗಂತೂ, ನೆರವು ಕೇಳಿದರೆ ತಾವು ಇಲ್ಲಿಗೆ ತಕ್ಕವರಲ್ಲವೆಂದು ತಾವೇ ಒಪ್ಪಿಕೊಂಡಂತಾಗುತ್ತದೆ ಎಂಬ ಅಳುಕಿರುತ್ತದೆ. ಆದ್ದರಿಂದ ಅವರು ಈಗಾಗಲೇ ಕೂತಿರುವ ತರಗತಿಯೊಳಗೇ ನೆರವು ಹೋಗಬೇಕು. ನಮ್ಮಲ್ಲಿ ಟ್ಯೂಟರ್ ಒಬ್ಬರು ವಾರಕ್ಕೊಮ್ಮೆ ತರಗತಿಗೆ ಬಂದು, ವಿದ್ಯಾರ್ಥಿಗಳು ಗುಂಪಾಗಿ ಲೆಕ್ಕ ಮಾಡುವಾಗ ಅವರ ಜೊತೆ ಕೂರುತ್ತಾರೆ. ಮುಖಪರಿಚಯವಾದ ಮೇಲೆ, ಅದೇ ಟ್ಯೂಟರ್ ಕೇಂದ್ರದಲ್ಲಿರುವ ಹೊತ್ತು ನೋಡಿಕೊಂಡು ಅವರು ಬರತೊಡಗುತ್ತಾರೆ.

ಈ ವಿಷಯದಲ್ಲಿ ಯೂರಿ ಟ್ರೈಸ್‌ಮನ್ ಅವರ ಕೆಲಸವನ್ನು ನೀವು ತಿಳಿದುಕೊಳ್ಳಲೇಬೇಕು. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅವರು, ಅಲ್ಲಿನ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಅಷ್ಟೊಂದು ಜನ ಕ್ಯಾಲ್ಕುಲಸ್‌ನಲ್ಲಿ ಸೋಲುವುದೇಕೆ ಎಂದು ಅರಿಯಲು, ಅವರಲ್ಲಿ 20 ಮಂದಿಯನ್ನೂ ಚೀನೀ ಮೂಲದ 20 ಮಂದಿಯನ್ನೂ ಹತ್ತಿರದಿಂದ ಗಮನಿಸಿದರು. ಬಡತನ, ನಿರಾಸಕ್ತಿ, ಮನೆಯವರ ಉಪೇಕ್ಷೆ ಎಂದು ಅಧ್ಯಾಪಕರು ಊಹಿಸಿದ್ದ ಕಾರಣಗಳು ಯಾವುವೂ ನಿಲ್ಲಲಿಲ್ಲ. ಸೋಲುತ್ತಿದ್ದವರು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬಂಟಿಯಾಗಿ ಓದುತ್ತಿದ್ದರು. ಚೀನೀ ಮೂಲದವರು ಮೊದಲು ಒಬ್ಬೊಬ್ಬರೇ ಓದಿ, ಬಳಿಕ ಒಟ್ಟಿಗೆ ಕೂತು ಒಬ್ಬರ ಉತ್ತರವನ್ನು ಇನ್ನೊಬ್ಬರದರೊಂದಿಗೆ ತಾಳೆ ನೋಡಿ, ಎಲ್ಲರಿಗೂ ಬಾರದ ಲೆಕ್ಕ ನಿಜವಾಗಿ ಕಠಿಣವಾದದ್ದು, ತನಗೊಬ್ಬನಿಗೇ ಬಾರದ್ದು ತಾನು ಇನ್ನಷ್ಟು ಓದಬೇಕಾದದ್ದು ಎಂದು ತಿಳಿದುಕೊಳ್ಳುತ್ತಿದ್ದರು. ಅದನ್ನು ಕಂಡ ಟ್ರೈಸ್‌ಮನ್ ಗುಂಪು ಕಾರ್ಯಾಗಾರಗಳನ್ನು ಆರಂಭಿಸಿದರು. ಅಲ್ಲಿ ಕೊಟ್ಟದ್ದು ಸುಲಭದ ಲೆಕ್ಕಗಳನ್ನಲ್ಲ, ಮಾಮೂಲಿಗಿಂತ ಕಠಿಣವಾದವನ್ನು. ಯಾರನ್ನೂ ದುರ್ಬಲರೆಂದು ಹೇಳಿ ಕರೆಯಲಿಲ್ಲ. ನಿಮ್ಮ ಕಾಲೇಜಿನಲ್ಲಿ 1970ರಲ್ಲಿ ಓಕ್‌ಲ್ಯಾಂಡ್‌ನಲ್ಲಿ ಶುರುವಾದ ಮೆಸಾ ಎಂಬ, ಗಣಿತ, ಎಂಜಿನಿಯರಿಂಗ್, ವಿಜ್ಞಾನ ವಿದ್ಯಾರ್ಥಿಗಳಿಗೆ ನೆರವಾಗುವ ಕಾರ್ಯಕ್ರಮವಿದ್ದರೆ ಇಂಥ ಕಾರ್ಯಾಗಾರಗಳನ್ನು ನಡೆಸಿದ ಅನುಭವ ಅವರಲ್ಲಿರುತ್ತದೆ. ಬೇರೆ ಯೋಜನೆ ಹಾಕುವ ಮೊದಲು ಅವರನ್ನು ಮಾತನಾಡಿಸಿ.

ಕ್ಯಾಲ್ಕುಲಸ್‌ನಲ್ಲಿ ಎಡವುವವರು ಹೆಚ್ಚಾಗಿ ಎಡವುವುದು ಬೀಜಗಣಿತದಲ್ಲಿ. ಮೂಲ ವ್ಯಾಖ್ಯೆಯಿಂದ 1/x ನ ಅವಕಲನ ಕಂಡುಹಿಡಿಯುವಾಗ ಮಿತಿಯ ಕಲ್ಪನೆ ಅರ್ಥವಾಗಿರುತ್ತದೆ, ಆದರೆ ಎರಡು ಭಿನ್ನರಾಶಿಗಳಿಗೆ ಸಮಾನ ಛೇದ ತರುವಲ್ಲಿ ಕೈ ನಿಲ್ಲುತ್ತದೆ. ವರ್ಗಮೂಲ ಬಂದರೆ ಅಂಶವನ್ನೂ ಛೇದವನ್ನೂ ಯಾವುದರಿಂದ ಗುಣಿಸಬೇಕೆಂದು ತೋಚುವುದಿಲ್ಲ. (x+h) ರ ವರ್ಗವನ್ನು x² ಮತ್ತು h² ಗಳ ಮೊತ್ತವೆಂದು ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮೊದಲಾಗಿದ್ದರೆ ಇವರನ್ನು ಹಲವು ಸೆಮಿಸ್ಟರುಗಳ ಪೂರ್ವಸಿದ್ಧತಾ ಕೋರ್ಸುಗಳಿಗೆ ಕಳಿಸುತ್ತಿದ್ದೆವು, ಬಹಳ ಮಂದಿ ಅಲ್ಲಿಂದ ಹೊರಬರುತ್ತಲೇ ಇರಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ 2017ರ ಎಬಿ 705 ಕಾನೂನು ಆ ಪದ್ಧತಿಯನ್ನು ಬಹುಮಟ್ಟಿಗೆ ನಿಲ್ಲಿಸಿ, ವರ್ಗಾವಣೆಗೆ ಲೆಕ್ಕಕ್ಕೆ ಬರುವ ಗಣಿತದ ಕೋರ್ಸಿಗೇ ವಿದ್ಯಾರ್ಥಿಗಳನ್ನು ಸೇರಿಸುವ ದಾರಿ ಮಾಡಿತು. 2022ರ ಎಬಿ 1705 ಅದನ್ನು ಕ್ಯಾಲ್ಕುಲಸ್‌ವರೆಗೆ ಕೊಂಡೊಯ್ದಿತು. ನಾನು ಈ ಬದಲಾವಣೆಯ ಪರವಾಗಿದ್ದೇನೆ, ಆದರೆ ಇದರಿಂದ ನಿಮ್ಮಂಥವರ ಹೊಣೆ ಹೆಚ್ಚಿದೆ ಎಂಬುದೂ ನಿಜ. ಬೀಜಗಣಿತವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಪಾಠ ಮಾಡಲು ಹೋಗಬೇಡಿ. ಮುಂದಿನ ವಾರ ಕ್ಯಾಲ್ಕುಲಸ್ ತರಗತಿಯಲ್ಲಿ ಏನು ಬರುತ್ತದೆ ಎಂದು ಬೋಧಕರಿಂದ ಕೇಳಿ ತಿಳಿದು, ಅದಕ್ಕೆ ಬೇಕಾದಷ್ಟನ್ನು ಈ ವಾರ ಮಾಡಿಸಿ. ಇಂದು ಕಲಿತ ಭಿನ್ನರಾಶಿ ನಾಳೆಯೇ ಬಳಕೆಗೆ ಬಂದರೆ ವಿದ್ಯಾರ್ಥಿಗೆ ಅದರ ಬೆಲೆ ಗೊತ್ತಾಗುತ್ತದೆ.

ರಸಾಯನಶಾಸ್ತ್ರದ ಟ್ಯೂಟರ್‌ಗಳಿಗೆ ತರಬೇತಿ ಕೊಡುವವರೊಬ್ಬರ ಉತ್ತರ

ಮೇಲಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಟ್ಯೂಟರ್‌ಗಳ ಬಗ್ಗೆ ಮಾತ್ರ ಸ್ವಲ್ಪ ಸೇರಿಸುತ್ತೇನೆ. ನಮ್ಮ ಕಡೆ ಪಿಯುಸಿ ಟ್ಯೂಷನ್‌ನಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಇಡೀ ಲೆಕ್ಕ ಬಿಡಿಸಿ ತೋರಿಸುವುದೇ ಕಲಿಸುವ ಕ್ರಮವೆಂದು ನಾವೆಲ್ಲ ಬೆಳೆದವರು, ಹಾಗಾಗಿ ಕೇಂದ್ರದಲ್ಲೂ ಅದೇ ನಡೆಯಲಿ ಎಂದು ಮನಸ್ಸು ಎಳೆಯುತ್ತದೆ. ಇಲ್ಲಿ ಪೆನ್ನು ವಿದ್ಯಾರ್ಥಿಯ ಕೈಯಲ್ಲೇ ಇರಬೇಕು ಎಂಬ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಟ್ಯೂಟರ್ ಪ್ರಶ್ನೆ ಕೇಳದೆ ಬೇರೆ ದಾರಿಯಿರುವುದಿಲ್ಲ. ಗ್ರಾಮಿನಿಂದ ಮೋಲ್‌ಗೆ ಹೋಗುವಾಗ ಏಕಮಾನಗಳನ್ನು ಬರೆಯದೆ ಬರೀ ಅಂಕಿಗಳನ್ನು ಗುಣಿಸುವುದು, ಪಿಎಚ್ ಬಂದೊಡನೆ ಲಾಗರಿದಮ್‌ಗೆ ಹೆದರುವುದು, ಇವೆಲ್ಲ ಪ್ರಶ್ನೆ ಕೇಳಿದಾಗಲೇ ಹೊರಬೀಳುತ್ತವೆ. ಅದೇ ಕಾಲೇಜಿನಲ್ಲಿ ಅದೇ ಕೋರ್ಸನ್ನು ಇತ್ತೀಚೆಗೆ ಪಾಸು ಮಾಡಿದವರನ್ನು, ಅದರಲ್ಲೂ ಮೊದಲು ಕಷ್ಟಪಟ್ಟು ಆಮೇಲೆ ದಾರಿ ಕಂಡುಕೊಂಡವರನ್ನು, ಸಂಬಳ ಕೊಟ್ಟು ನೇಮಿಸಿ. 1973ರಲ್ಲಿ ಕಾನ್ಸಾಸ್ ಸಿಟಿಯ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ರೂಪಿಸಿದ ಪೂರಕ ಬೋಧನಾ ಕ್ರಮವೂ ಹೀಗೆಯೇ ನಡೆಯುತ್ತದೆ: ಕೋರ್ಸು ಮುಗಿಸಿದ ವಿದ್ಯಾರ್ಥಿಯೊಬ್ಬರು ಮತ್ತೆ ಅದೇ ತರಗತಿಯಲ್ಲಿ ಕೂತು, ಬಳಿಕ ಗುಂಪು ಅಧ್ಯಯನ ನಡೆಸಿಕೊಡುತ್ತಾರೆ. ಅದರಲ್ಲಿ ಕಷ್ಟವಾದದ್ದೆಂದು ಗುರುತಿಸುವುದು ಕೋರ್ಸನ್ನು, ವಿದ್ಯಾರ್ಥಿಯನ್ನಲ್ಲ.

ನರ್ಸಿಂಗ್ ಪೂರ್ವಸಿದ್ಧತೆಯ ಕೋರ್ಸುಗಳನ್ನು ಓದಿದವರೊಬ್ಬರ ಉತ್ತರ

ನಾನು ಕರ್ನಾಟಕದಲ್ಲಿ ಬಿಕಾಂ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಮಗು ಶಾಲೆಗೆ ಹೋಗತೊಡಗಿದ ಮೇಲೆ ಕಮ್ಯುನಿಟಿ ಕಾಲೇಜಿಗೆ ಸೇರಿ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ಬೋಧಕರು ಆಫೀಸ್ ಅವರ್ಸ್ ಎಂದಾಗ ಅದು ಅವರು ತಮ್ಮ ಕಚೇರಿ ಕೆಲಸ ಮಾಡಿಕೊಳ್ಳುವ ಹೊತ್ತು, ಆಗ ಹೋಗಿ ತೊಂದರೆ ಕೊಡಬಾರದು ಎಂದೇ ನಾನು ತಿಳಿದಿದ್ದೆ; ಅದು ವಿದ್ಯಾರ್ಥಿಗಳು ಬಂದು ಮಾತಾಡಲೆಂದೇ ಇಟ್ಟ ಹೊತ್ತು ಎಂದು ಗೊತ್ತಿರಲಿಲ್ಲ. ಒಬ್ಬ ಬೋಧಕಿ, ಮೊದಲ ಎರಡು ವಾರಗಳೊಳಗೆ ಪ್ರತಿಯೊಬ್ಬರೂ ಒಮ್ಮೆ ತಮ್ಮ ಕಚೇರಿಗೆ ಬಂದು ಮಾತಾಡಿ ಹೋಗಬೇಕೆಂದೂ ಅದಕ್ಕೆ ಅಂಕವಿದೆಯೆಂದೂ ಹೇಳಿದ್ದರಿಂದ ನಾನು ಹೋದೆ, ಆಮೇಲೆ ಹೋಗಲು ಹಿಂಜರಿಯಲಿಲ್ಲ. ಎಲ್ಲರೂ ಹೋಗಲೇಬೇಕಾದಾಗ ಹೋಗುವುದರಲ್ಲಿ ನಾಚಿಕೆಯಿರುವುದಿಲ್ಲ.

ಹಣದ ವಿಷಯವನ್ನೂ ಮರೆಯಬೇಡಿ. ಪುಸ್ತಕ, ಆನ್‌ಲೈನ್ ಹೋಮ್‌ವರ್ಕ್ ತಾಣದ ಪ್ರವೇಶ ಕೋಡ್, ಕ್ಯಾಲ್ಕುಲೇಟರ್ ಇವುಗಳ ಬೆಲೆಗೆ ಅಂಜಿ ಮೊದಲ ವಾರಗಳನ್ನು ಪುಸ್ತಕವಿಲ್ಲದೆ ಕಳೆಯುವವರಿದ್ದಾರೆ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಅಂಗರಚನೆ, ರಸಾಯನಶಾಸ್ತ್ರ, ಭೌತಶಾಸ್ತ್ರ, ಕ್ಯಾಲ್ಕುಲಸ್ ಪುಸ್ತಕಗಳನ್ನು ಉಚಿತವಾಗಿ ಕೊಡುತ್ತದೆ. ನಮ್ಮ ಕೋರ್ಸಿಗೆ ಅದೇ ಪಠ್ಯವಾಗಿತ್ತು. ಕೇಂದ್ರದಲ್ಲಿ ಮೂಳೆಗಳ ಮಾದರಿಗಳನ್ನು ಸಂಜೆ ಹೊತ್ತಿನಲ್ಲೂ ಮುಟ್ಟಿ ನೋಡಲು ಬಿಡುತ್ತಿದ್ದರು, ಮಕ್ಕಳನ್ನು ಜೊತೆಗೆ ಕರೆತಂದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಲು ಜಾಗವಿಲ್ಲದಿದ್ದರೆ ನಾನು ಆ ಕೋರ್ಸು ಮುಗಿಸುತ್ತಿರಲಿಲ್ಲ.

ನ್ಯೂಯಾರ್ಕಿನ ವಿದ್ಯಾರ್ಥಿ ಸಲಹೆಗಾರರೊಬ್ಬರ ಉತ್ತರ

ನಮ್ಮ ನಗರದ ಕ್ಯುನಿ (ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್) ವಿಶ್ವವಿದ್ಯಾಲಯವು 2007ರಲ್ಲಿ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಆರಂಭಿಸಿದ ಎಎಸ್ಎಪಿ ಎಂಬ ನೆರವಿನ ಕಾರ್ಯಕ್ರಮದಲ್ಲಿ ಸಲಹೆಗಾರರನ್ನು ಮತ್ತೆ ಮತ್ತೆ ಕಾಣುವುದು, ಟ್ಯೂಟರಿಂಗ್, ಪುಸ್ತಕಗಳಿಗೆ ನೆರವು, ಸಾರಿಗೆಯ ಮೆಟ್ರೋಕಾರ್ಡ್ ಎಲ್ಲವೂ ಒಟ್ಟಿಗೆ ಸೇರಿದ್ದವು. ಮೂರು ವರ್ಷಗಳಲ್ಲಿ ಪದವಿ ಮುಗಿಸಿದವರು ಇತರರಲ್ಲಿ ಸುಮಾರು 22 ಶೇಕಡಾ ಇದ್ದರೆ ಇದರಲ್ಲಿ ಸುಮಾರು 40 ಶೇಕಡಾ ಇದ್ದರು. ಒಂದೊಂದೇ ನೆರವನ್ನು ಬಿಡಿಯಾಗಿ ಕೊಟ್ಟರೆ ಇಷ್ಟು ಫಲ ಬರುವುದೆಂದು ನನಗನ್ನಿಸುವುದಿಲ್ಲ.

ವಿಜ್ಞಾನ ವಿದ್ಯಾರ್ಥಿಗಳಿಗೆ ಇನ್ನೊಂದು ತೊಡಕಿದೆ. ಎಂಜಿನಿಯರಿಂಗ್‌ಗೆ ವರ್ಗಾವಣೆ ಬಯಸುವವರಿಗೆ ಕ್ಯಾಲ್ಕುಲಸ್ ಮುಗಿಯದೆ ಭೌತಶಾಸ್ತ್ರವಿಲ್ಲ, ಭೌತಶಾಸ್ತ್ರ ಮುಗಿಯದೆ ಮುಂದಿನ ಕೋರ್ಸಿಲ್ಲ. ಸಣ್ಣ ಕಾಲೇಜುಗಳಲ್ಲಿ ಕೆಲವು ಕೋರ್ಸುಗಳು ವರ್ಷಕ್ಕೊಮ್ಮೆ ಮಾತ್ರ ನಡೆಯುವುದರಿಂದ ಒಂದು ಸೆಮಿಸ್ಟರ್ ತಪ್ಪಿದರೆ ಇಡೀ ವರ್ಷವೇ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೆ ಬರುತ್ತದೆಂದು ಅಸಿಸ್ಟ್ ಎಂಬ ತಾಣದಲ್ಲಿ ನೋಡಬಹುದು; ಅದನ್ನು ಮೊದಲ ಸೆಮಿಸ್ಟರಿನಲ್ಲೇ ವಿದ್ಯಾರ್ಥಿಯ ಪಕ್ಕದಲ್ಲಿ ಕೂತು ತೆರೆದು ತೋರಿಸಿ. ಕೋರ್ಸು ಬಿಡಲು ಕೊನೆಯ ದಿನ ಯಾವುದೆಂದು ನಿಮ್ಮ ಟ್ಯೂಟರ್‌ಗಳಿಗೆಲ್ಲ ತಿಳಿದಿರಲಿ. ಮೂರನೆಯ ವಾರದೊಳಗೆ ಒಂದು ಸಣ್ಣ ಪರೀಕ್ಷೆ ಕೊಡುವಂತೆ ಬೋಧಕರನ್ನು ಒಪ್ಪಿಸಿ, ಅದರಲ್ಲಿ ತೊಡಕು ಕಂಡವರಿಗೆ ತಾನಾಗಿ ಹೋಗುವ ಸಾಮೂಹಿಕ ಇಮೇಲ್ ಕಳಿಸದೆ, ಅವರ ಮುಖ ಬಲ್ಲ ಟ್ಯೂಟರ್ ಒಬ್ಬರಿಂದ ಫೋನ್ ಮಾಡಿಸಿ. ಆ ಹೊತ್ತಿಗೆ ಕೋರ್ಸು ಉಳಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ.