ಪುಟ್ಟ ಮಕ್ಕಳ ಜೊತೆ ಮೈಸೂರಿಗೆ: ಕೈಗೆ ಕೆಲಸ, ಬಾಯಿಗೆ ವಡೆ

ಕೇಳಿದ್ದು: ಮಗಳಿಗೆ ಆರು ವರ್ಷ, ಮಗನಿಗೆ ಮೂರೂವರೆ. ಒಂದು ಶನಿವಾರ, ಭಾನುವಾರ ಬೆಂಗಳೂರಿನಿಂದ ಮೈಸೂರಿಗೆ ಹೋಗೋಣ ಅಂತಿದ್ದೇವೆ. ಹೋದ ಸಲ ದಾರಿಯುದ್ದಕ್ಕೂ ಮೊಬೈಲ್ ನೋಡಿದರು, ಅರಮನೆಯಲ್ಲಿ ಅತ್ತರು. ಈ ಸಲ ಬರೆಯುವುದು, ಮಾಡುವುದು ಏನಾದರೂ ಇರಲಿ ಅಂತ ಆಸೆ. ಹೋಗಿ ಬಂದವರು ಹೇಳಿ.

ಬಸವನಗುಡಿಯ ಅಪ್ಪ: ಮೊದಲು ಕಾರು ಬಿಡಿ, ರೈಲಿಗೆ ಹೋಗಿ. ನನ್ನ ಮಗ ಕಾರಿನಲ್ಲಿ ತಲೆ ಬಗ್ಗಿಸಿ ಬಣ್ಣ ಹಚ್ಚಲು ಕೂತರೆ ಬಿಡದಿ ಬರುವಷ್ಟರಲ್ಲಿ ವಾಂತಿ. ರೈಲಿನಲ್ಲಿ ಆ ಕಷ್ಟ ಇರಲಿಲ್ಲ. ಐದು ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಸೀಟೂ ಇಲ್ಲ. ಚಿಕ್ಕವನು ನಿಮ್ಮ ತೊಡೆ ಮೇಲೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಸುಮ್ನೆ "ಚಿತ್ರ ಬರಿ" ಅಂದರೆ ಎರಡು ನಿಮಿಷಕ್ಕೆ ಮುಗಿಯುತ್ತದೆ. ನಾವು ಒಂದು ಉದ್ದನೆಯ ಕಾಗದ ಮಡಚಿ ಇಟ್ಟುಕೊಂಡಿದ್ದೆವು, ಒಂದು ಮಡಿಕೆಗೆ ಒಂದು ಊರು. ರಾಮನಗರಕ್ಕೆ ಬಂಡೆ, ಮದ್ದೂರಿಗೆ ವಡೆ, ಮಂಡ್ಯಕ್ಕೆ ಕಬ್ಬು. ಶ್ರೀರಂಗಪಟ್ಟಣ ದ್ವೀಪ ಅಲ್ವಾ, ಹಾಗಾಗಿ ಕಾವೇರಿ ಎರಡು ಸಲ ಸಿಗುತ್ತಾಳೆ. "ಈಗಷ್ಟೇ ದಾಟಿದ್ವಲ್ಲ, ಮತ್ತೆ ಯಾಕೆ ಬಂದಳು?" ಅಂದ ಮಗ. ನದಿ ಎರಡಾಗಿ ಒಡೆದು ಮತ್ತೆ ಕೂಡುವುದನ್ನು ಬರೆದು ತೋರಿಸಿದೆ. ಆ ಮಡಿಕೆಗೇ ನೀಲಿ ಬಳಪ ಖಾಲಿ. ಮದ್ದೂರಿನ ಮಡಿಕೆಯಲ್ಲಿ ಬರೀ ಎಣ್ಣೆ ಕಲೆ ಇದೆ, ಅದನ್ನೇ ವಡೆ ಅಂತ ಒಪ್ಪಿಕೊಂಡೆವು.

ಅವಳಿ ಮಕ್ಕಳ ಅಮ್ಮ: ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದುಬಿಡಿ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಅಷ್ಟೆ. ಹೆದ್ದಾರಿಯ ಅಂಗಡಿಯಲ್ಲಿ ಗೊಂಬೆ ಕೊಳ್ಳುವುದಕ್ಕಲ್ಲ, ಮಾಡುವುದನ್ನು ನೋಡುವುದಕ್ಕೆ. ಆಲೆ ಮರದ ಬಿಳಿ ತುಂಡನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ತಾಗಿದ ಕಡೆ ಸಿಪ್ಪೆ ಸುರುಳಿ ಸುರುಳಿಯಾಗಿ ಉದುರುತ್ತದೆ. ಆಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬ್ರಷ್ಷೂ ಇಲ್ಲ, ನೀರೂ ಇಲ್ಲ. ಕೊನೆಗೆ ತಾಳೆ ಗರಿ ಒತ್ತಿ ಹೊಳಪು ಬರಿಸುತ್ತಾರೆ. ನನ್ನ ಇಬ್ಬರೂ ಇಪ್ಪತ್ತು ನಿಮಿಷ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ಲೇತ್ ಮಾತ್ರ ಮಕ್ಕಳು ಮುಟ್ಟುವ ವಸ್ತು ಅಲ್ಲ. ಜಡೆ ಬಿಗಿಯಾಗಿ ಕಟ್ಟಿ, ನಿಮ್ಮ ದುಪಟ್ಟಾ ಸಿಕ್ಕಿಸಿಕೊಳ್ಳಿ, ಮಕ್ಕಳ ಕೈ ಹಿಡಿದೇ ಇರಿ. ಕೇಳಿಕೊಂಡು ಒಳಗೆ ಹೋಗಿ, ಅದು ಅವರ ದುಡಿಮೆಯ ಜಾಗ. ಅಷ್ಟು ಹೊತ್ತು ನೋಡಿ ಏನೂ ಕೊಳ್ಳದೆ ಬರುವುದು ನನಗಂತೂ ಸರಿ ಅನಿಸುವುದಿಲ್ಲ. ನಾವು ಬಣ್ಣ ಹಚ್ಚದ ನಾಲ್ಕು ಬುಗುರಿ ಕೇಳಿ ತಂದೆವು. ಸಂಜೆ ರೂಮಿನಲ್ಲಿ ಸ್ಕೆಚ್ ಪೆನ್ ಹಿಡಿದು ಕೂತರು. ಕೆಂಪು, ಹಳದಿ ಪಟ್ಟೆ ಬಳಿದ ಬುಗುರಿ ತಿರುಗಿದಾಗ ಕಿತ್ತಳೆ ಬಣ್ಣ ಕಾಣಿಸಿತು. ಇನ್ನೇನು, ರಾತ್ರಿ ಊಟದವರೆಗೂ ಅದೇ ಆಟ. ಹಾಸಿಗೆ ಹೊದಿಕೆ ಮೇಲೂ ಒಂದು ಗೆರೆ ಬಿತ್ತು. ಉಜ್ಜಿದ್ದು ನಾನು.

ಮೈಸೂರಿನ ಅಜ್ಜಿ: ಒಂದು ದಿನಕ್ಕೆ ಒಂದೇ ಜಾಗ ಸಾಕು ಕಣಮ್ಮ. ಮೃಗಾಲಯದ ಸುತ್ತು ಉದ್ದ, ಚಿಕ್ಕವನು ಅರ್ಧಕ್ಕೇ "ಎತ್ತಿಕೋ" ಅಂತಾನೆ. ನಾನು ಮೊಮ್ಮಕ್ಕಳನ್ನು ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಸ್ಟೇಷನ್‌ಗೆ ಹತ್ತಿರ, 1979ರಿಂದಲೂ ಇದೆ. ಹಳೇ ಉಗಿಬಂಡಿಗಳಿವೆ, ಪುಟಾಣಿ ರೈಲೂ ಇದೆ. ಬ್ಯಾಗಿನಲ್ಲಿ ನಾಲ್ಕು ಹಾಳೆ, ಮೇಣದ ಬಳಪ ಇಟ್ಟುಕೊಂಡಿರಿ. ಉದುರಿದ ಎಲೆ ಆರಿಸಿ, ಬೆನ್ನು ಮೇಲೆ ಮಾಡಿ, ಹಾಳೆ ಹೊದಿಸಿ, ಬಳಪ ಅಡ್ಡ ಹಿಡಿದು ಉಜ್ಜಿಸಿ. ನರವೆಲ್ಲ ಮೂಡುತ್ತೆ. ಮೂರು ವರ್ಷದವರಿಗೂ ಬರುತ್ತೆ.

ಹೆಸರು ಹೇಳದವರು: ಗ್ಲಿಟರ್ ಒಯ್ಯಬೇಡಿ. ಯಾಕೆ ಅಂತ ಕೇಳಬೇಡಿ.

ಕೇಳಿದವರೇ, ಹೋಗಿ ಬಂದ ಮೇಲೆ: ಎಲ್ಲರಿಗೂ ಥ್ಯಾಂಕ್ಸ್. ಚನ್ನಪಟ್ಟಣದಲ್ಲಿ ಮಗಳಿಗೆ ಗೊಂಬೆಗಿಂತ ಮರದ ಸಿಪ್ಪೆ ಜಾಸ್ತಿ ಇಷ್ಟವಾಯಿತು. ಕೇಳಿ ಒಂದು ಕವರ್ ತುಂಬ ತಂದಿದ್ದಾಳೆ, ಕಾಗದದ ಗೊಂಬೆಗೆ ಗುಂಗುರು ಕೂದಲು ಅಂಟಿಸುತ್ತಿದ್ದಾಳೆ. ಮಗ ಎರಡೂ ಕಾವೇರಿಗೆ ನಿದ್ದೆ. ವಾಪಸ್ ಬರುವಾಗ ತೋರಿಸೋಣ ಅಂತ ಎಬ್ಬಿಸಿದೆ, ಜೋರಾಗಿ ಅತ್ತ. ಮೊಬೈಲ್ ಕೊಟ್ರಾ ಅಂತ ಕೇಳ್ತೀರಿ ತಾನೇ? ಹ್ಞೂಂ, ಮಂಡ್ಯದಿಂದ ಕೆಂಗೇರಿವರೆಗೆ.