ರಾಗಿಯ ಹೊಲದಲ್ಲಿ ಟೊಮೆಟೊ ಏಕೆ?

ಪ್ರಶ್ನೆ: ಬೆಲೆ ಯಾವಾಗ ಕುಸಿಯುತ್ತದೆಂದು ತಿಳಿಯದಿದ್ದರೂ ಕೋಲಾರದ ಕಡೆ ಒಂದೆರಡು ಎಕರೆಯ ರೈತರು ರಾಗಿ ಬಿಟ್ಟು ಟೊಮೆಟೊ ಬೆಳೆಯಲು ಮುಂದಾಗುವುದೇಕೆ? ಹೆಚ್ಚು ಲಾಭದ ಆಸೆಯೊಂದೇ ಕಾರಣವೇ?

ಮುಳಬಾಗಿಲಿನ ರೈತ: ಆಸೆಗಿಂತ ಸಾಲದ ಒತ್ತಡವೇ ದೊಡ್ಡದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಸುರಿದು ಕೊಳವೆಬಾವಿ ಕೊರೆಸಿದವನು ಆ ನೀರಿಗೆ ರಾಗಿ ಬೆಳೆದರೆ ಬಡ್ಡಿಯೂ ಹುಟ್ಟುವುದಿಲ್ಲ. ಟೊಮೆಟೊ ಆದರೆ ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬಂದು, ಅನಂತರ ಕೆಲವು ವಾರ ಬಿಡಿಬಿಡಿಯಾಗಿ ಹಣ ಕೈಗೆ ಬರುತ್ತಲೇ ಇರುತ್ತದೆ. ಮಕ್ಕಳ ಶಾಲೆಯ ಶುಲ್ಕ ಕಟ್ಟಲು ಈ ಬಿಡಿ ಹಣವೇ ಆಧಾರ.

ಮಾಲೂರಿನಿಂದ: ಮಾರುಕಟ್ಟೆ ಹತ್ತಿರವಿರುವುದನ್ನು ಮರೆಯಬಾರದು. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ ಅಂದೇ ಹರಾಜಾಗುತ್ತದೆ. 2023ರ ಜುಲೈನಲ್ಲಿ ಬಾಕ್ಸ್‌ಗೆ 2,000 ರೂಪಾಯಿ ದಾಟಿದ್ದನ್ನು ಕಂಡವರು ಮರುವರ್ಷವೂ ಸಸಿ ನೆಟ್ಟರು. ಮುಂಗಡ ಕೊಡುವ ಮಂಡಿಯವರ ಋಣವೂ ರೈತನನ್ನು ಅದೇ ಬೆಳೆಗೆ ಕಟ್ಟಿಹಾಕುತ್ತದೆ. ಇದು ನನಗೆ ನಿಜವಾಗಿಯೂ ಕಳವಳ ತರುವ ಸಂಗತಿ.

ಶ್ರೀನಿವಾಸಪುರದ ಗೃಹಿಣಿ: ಮನೆಯವರ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋಲು ನೆಟ್ಟು, ದಾರ ಕಟ್ಟಿ, ಕಾಯಿ ಬಿಡಿಸಿ ಸಂಜೆ ಕೈ ತೊಳೆದರೆ ಹಸಿರು ಕಪ್ಪು ಕರೆ ಸುಲಭಕ್ಕೆ ಬಿಡುವುದಿಲ್ಲ. ಈ ಕೆಲಸಕ್ಕೆಲ್ಲ ಕೂಲಿಯಾಳು ಇಟ್ಟರೆ ಉಳಿಯುವುದು ಕಡಿಮೆ, ಆದ್ದರಿಂದಲೇ ಇದು ಸಣ್ಣ ಹಿಡುವಳಿಯ ಮನೆಗೆ ಹೊಂದುತ್ತದೆ. ನಾವಂತೂ ಊಟಕ್ಕೆಂದು ಅರ್ಧ ಎಕರೆ ರಾಗಿಯನ್ನು ಇನ್ನೂ ಬಿಟ್ಟಿಲ್ಲ.